‘ಮನೆಯಲ್ಲಿ ಯಾರಿಗೂ ಇಲ್ಲ’ ಎಂದು ಬರೆದುಕೊಳ್ಳುವ ಮುನ್ನ: ಕರುಳಿನ ಕ್ಯಾನ್ಸರ್ ನೋಡುವ ವೈದ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ವೈದ್ಯರೇ,

ನಮಸ್ಕಾರ. ಸರ್ಜನ್‌ಗಳು, ಕ್ಯಾನ್ಸರಿಗೆ ಔಷಧಿ ಕೊಡುವ ಆಂಕಾಲಜಿಸ್ಟ್‌ಗಳು, ಎಂಡೋಸ್ಕೋಪಿ ಮಾಡುವವರು, ಗಡ್ಡೆಯ ತುಣುಕು ಪರೀಕ್ಷಿಸುವ ಪೆಥಾಲಜಿಸ್ಟ್‌ಗಳು, ಸ್ತ್ರೀರೋಗ ತಜ್ಞರು, ಇವರೆಲ್ಲರಿಗಿಂತ ಮೊದಲು ರೋಗಿಯ ಮುಖ ನೋಡುವ ಫ್ಯಾಮಿಲಿ ಡಾಕ್ಟರ್‌ಗಳು, ಈ ಪತ್ರ ನಿಮ್ಮೆಲ್ಲರಿಗೂ. ನಾನು ಜೆನೆಟಿಕ್ ಕೌನ್ಸೆಲರ್. ನೀವು ಕಳಿಸಿದ ರೋಗಿಗಳ ಜೊತೆ ಕೂತು ಅವರ ವಂಶವೃಕ್ಷ ಬರೆಯುವುದು, ಯಾವ ಟೆಸ್ಟ್ ಬೇಕು, ಯಾಕೆ ಬೇಕು ಎಂದು ವಿವರಿಸುವುದು ನನ್ನ ಕೆಲಸ. ನನ್ನ ತಕರಾರು ಒಂದೇ. ನೀವು ಕಳಿಸುವುದು ತಡವಾಗುತ್ತಿದೆ. ಒಂದೇ ಮನೆಯಲ್ಲಿ ಮೂರನೆಯವರಿಗೆ ಕ್ಯಾನ್ಸರ್ ಬಂದ ಮೇಲೆ ಫೈಲ್ ನನ್ನ ಮೇಜಿಗೆ ಬರುತ್ತದೆ. ಹಳೆಯ ಕಾಗದಗಳನ್ನು ತೆಗೆದು ನೋಡಿದರೆ ಎಷ್ಟೋ ಸಲ ಮೊದಲನೆಯವರ ಗಡ್ಡೆಯಲ್ಲೇ ಸುಳಿವು ಇರುತ್ತದೆ.

ವಂಶದಲ್ಲಿ ಹರಿದು ಬರುವ ಕರುಳಿನ ಕ್ಯಾನ್ಸರ್ ಯಾರಿಗೋ ಎಲ್ಲೋ ಬರುವ ಅಪರೂಪದ ಕಾಯಿಲೆ ಅಂದುಕೊಳ್ಳಬೇಡಿ. ಲಿಂಚ್ ಸಿಂಡ್ರೋಮ್ ಒಂದನ್ನೇ ತೆಗೆದುಕೊಳ್ಳಿ. ಅಂದಾಜು 280 ಜನರಲ್ಲಿ ಒಬ್ಬರು ಇದಕ್ಕೆ ಕಾರಣವಾಗುವ ಜೀನ್ ದೋಷವನ್ನು ಹೊತ್ತಿರುತ್ತಾರೆ. ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಆದ ನೂರು ಜನರಲ್ಲಿ ಸುಮಾರು ಮೂವರಿಗೆ ಇದೇ ಮೂಲ. ನಮ್ಮ ಜೀವಕೋಶಗಳು ಒಡೆದು ಎರಡಾಗುವಾಗ ಡಿಎನ್‌ಎ ನಕಲಾಗುತ್ತದೆ. ನಕಲಿನಲ್ಲಿ ತಪ್ಪುಗಳಾಗುವುದು ಸಹಜ. ಅವುಗಳನ್ನು ಹುಡುಕಿ ಸರಿಪಡಿಸಲು ಎಂಎಲ್‌ಎಚ್‌1, ಎಂಎಸ್‌ಎಚ್‌2, ಎಂಎಸ್‌ಎಚ್‌6, ಪಿಎಂಎಸ್‌2 ಎಂಬ ನಾಲ್ಕು ಪ್ರೋಟೀನುಗಳು ಬೇಕು. ಇವುಗಳಲ್ಲಿ ಒಂದರ ಜೀನ್ ಹುಟ್ಟಿನಿಂದಲೇ ಕೆಟ್ಟಿದ್ದರೆ ಅದು ಲಿಂಚ್. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಕರುಳು ಮಾತ್ರ ಅಲ್ಲ, ಗರ್ಭಕೋಶ, ಅಂಡಾಶಯ, ಹೊಟ್ಟೆ, ಸಣ್ಣ ಕರುಳು, ಮೂತ್ರನಾಳಗಳಲ್ಲೂ ಕ್ಯಾನ್ಸರ್ ಬರಬಹುದು. ನಿಮಗೆ ಇದೆಲ್ಲ ಗೊತ್ತು. ಪತ್ರ ಬಹಿರಂಗವಾದ್ದರಿಂದ ಉಳಿದ ಓದುಗರಿಗಾಗಿ ಹೇಳಿದೆ.

ಇದರ ಕಥೆ ಶುರುವಾದದ್ದೇ ಒಬ್ಬ ಹೆಂಗಸಿನ ಮಾತಿನಿಂದ. 1895ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಪೆಥಾಲಜಿಸ್ಟ್ ಆಲ್ಡ್ರೆಡ್ ವಾರ್ಥಿನ್ ಅವರ ಹತ್ತಿರ, ಬಟ್ಟೆ ಹೊಲಿಯುವ ಕೆಲಸದ ಒಬ್ಬಾಕೆ ತನ್ನ ಮನೆಯವರ ಸಾವುಗಳ ಬಗ್ಗೆ ಹೇಳಿಕೊಂಡಳು. ತಾನೂ ಹೊಟ್ಟೆಯದೋ ಕರುಳಿನದೋ ಗರ್ಭಕೋಶದ್ದೋ ಕ್ಯಾನ್ಸರ್ ಬಂದೇ ಸಾಯುತ್ತೇನೆ ಎಂದಳು. ಹಾಗೇ ಆಯಿತು, ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ವಾರ್ಥಿನ್ ಆ ಮನೆತನವನ್ನು ‘ಫ್ಯಾಮಿಲಿ ಜಿ’ ಎಂದು ಕರೆದು 1913ರಲ್ಲಿ ಪ್ರಕಟಿಸಿದರು. ಹೆನ್ರಿ ಲಿಂಚ್ 1966ರಲ್ಲಿ ಇಂಥದೇ ಬೇರೆ ಮನೆತನಗಳ ಬಗ್ಗೆ ಬರೆದರು. ಕ್ಯಾನ್ಸರ್ ವಂಶದಲ್ಲಿ ಬರುತ್ತದೆ ಎಂದರೆ ಆಗ ನಂಬುವವರು ಕಮ್ಮಿ. 1993 ಮತ್ತು 1994ರಲ್ಲಿ ಜೀನುಗಳೇ ಸಿಕ್ಕವು. ನನಗೆ ಈ ಕಥೆಯಲ್ಲಿ ಮುಖ್ಯ ಅನಿಸುವುದು ಇಷ್ಟು: ಆಕೆ ಹೇಳಿದಳು, ಎದುರಿಗಿದ್ದ ಡಾಕ್ಟರ್ ಕೇಳಿಸಿಕೊಂಡು ಬರೆದಿಟ್ಟರು. ಇವತ್ತು ನಮ್ಮ ಹತ್ತಿರ ಜೀನ್ ಟೆಸ್ಟ್ ಇದೆ, ಕೇಳಿಸಿಕೊಳ್ಳುವ ಪುರುಸೊತ್ತು ಇಲ್ಲ.

ಕೇಸ್ ಶೀಟಿನಲ್ಲಿ ಫ್ಯಾಮಿಲಿ ಹಿಸ್ಟರಿ ಎಂಬ ಒಂದು ಸಾಲು ಇರುತ್ತದೆ, ಅಲ್ವಾ? ಅದರ ಮುಂದೆ ಹತ್ತರಲ್ಲಿ ಎಂಟು ಸಲ ‘ಏನೂ ಇಲ್ಲ’ ಎಂದು ಬರೆದಿರುವುದನ್ನೇ ನಾನು ನೋಡುತ್ತೇನೆ. ಹೇಗೆ ಕೇಳಿರುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ. ‘ಮನೆಯಲ್ಲಿ ಯಾರಿಗಾದ್ರೂ ಕ್ಯಾನ್ಸರ್ ಇತ್ತಾ?’ ‘ಇಲ್ಲ ಡಾಕ್ಟ್ರೇ.’ ಮುಗೀತು. ಅದೇ ರೋಗಿ ನನ್ನೆದುರು ಕೂತಾಗ ಮಾತು ಬೇರೆ ಥರ ಸಾಗುತ್ತದೆ.

‘ನಿಮ್ಮ ತಾಯಿ ಇದ್ದಾರಾ?’

‘ಇಲ್ಲ, ಹೋಗಿ ತುಂಬಾ ವರ್ಷ ಆಯ್ತು.’

‘ಏನಾಗಿತ್ತು ಅವರಿಗೆ?’

‘ಅವರಿಗೇನೂ ಕ್ಯಾನ್ಸರ್ ಇರಲಿಲ್ಲ. ರಕ್ತಸ್ರಾವ ಜಾಸ್ತಿ ಆಗ್ತಿತ್ತು ಅಂತ ಗರ್ಭಕೋಶ ತೆಗೆದಿದ್ರು. ಆಮೇಲೆ ಕರೆಂಟ್ ಕೊಟ್ರು, ಒಂದು ತಿಂಗಳಿಗೂ ಜಾಸ್ತಿ ದಿನ.’

‘ತಾಯಿಯ ಒಡಹುಟ್ಟಿದವರು?’

‘ಒಬ್ಬ ಮಾವ. ಅವರಿಗೆ ಹೊಟ್ಟೆಯಲ್ಲಿ ಗಂಟಾಗಿತ್ತು, ಆಪರೇಷನ್ ಮಾಡಿ ಚೀಲ ಇಟ್ಟಿದ್ರು.’

ಕರೆಂಟ್ ಎಂದರೆ ರೇಡಿಯೇಷನ್. ಹೊಟ್ಟೆಯ ಮೇಲಿನ ಚೀಲ ಎಂದರೆ ಸ್ಟೋಮಾ, ಮಲ ಹೊರಬರಲು ಹೊಟ್ಟೆಯಲ್ಲಿ ಮಾಡಿದ ದಾರಿ. ‘ಯಾರಿಗೂ ಇಲ್ಲ’ ಎಂದವರ ಮನೆಯಲ್ಲಿ ಐದು ನಿಮಿಷದಲ್ಲಿ ಎರಡು ಕ್ಯಾನ್ಸರ್ ಹೊರಗೆ ಬಂತು. ಅವರು ಸುಳ್ಳು ಹೇಳಿರಲಿಲ್ಲ. ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಿರಲಿಲ್ಲ, ಅಷ್ಟೇ. ಹಾಗಾಗಿ ಕ್ಯಾನ್ಸರ್ ಇತ್ತಾ ಎಂದು ಕೇಳುವ ಬದಲು ಯಾರು ಹೇಗೆ ತೀರಿಕೊಂಡರು, ಎಷ್ಟು ವಯಸ್ಸಾಗಿತ್ತು, ಯಾರಿಗೆ ಯಾವ ಆಪರೇಷನ್ ಆಗಿತ್ತು ಎಂದು ಕೇಳಿ. ತಾಯಿ ಕಡೆ ಬೇರೆ, ತಂದೆ ಕಡೆ ಬೇರೆ ಕೇಳಿ. ಗರ್ಭಕೋಶದ ಮಾತು ಬಂದಾಗ ಕಿವಿ ನೆಟ್ಟಗಾಗಲಿ. ಗಂಡಸಿನ ಕರುಳಿನ ಗಡ್ಡೆಗೂ ಅವನ ಚಿಕ್ಕಮ್ಮನ ಗರ್ಭಕೋಶಕ್ಕೂ ಸಂಬಂಧ ಇರಬಹುದು ಎಂದು ರೋಗಿಗೆ ಹೊಳೆಯುವುದಿಲ್ಲ. ಅದು ನಿಮಗೆ ಹೊಳೆಯಬೇಕು. ಒಂದೇ ಸಲ ಕೇಳಿ ಬಿಡಬೇಡಿ. ಮನೆಗೆ ಹೋಗಿ ದೊಡ್ಡವರನ್ನು ಕೇಳಿಕೊಂಡು ಬರಲು ಹೇಳಿ, ಮುಂದಿನ ಭೇಟಿಯಲ್ಲಿ ಆ ಸಾಲನ್ನು ತಿದ್ದಿ.

ಇಷ್ಟೆಲ್ಲ ಹೇಳಿದ ಮೇಲೂ ಇನ್ನೊಂದು ಮಾತು ಹೇಳಬೇಕು. ಮನೆತನದ ಕಥೆಯೊಂದನ್ನೇ ನಂಬಿ ಕೂತರೆ ಸಾಲದು. ಹಿಂದೆ ಆಮ್‌ಸ್ಟರ್‌ಡ್ಯಾಮ್ ನಿಯಮ ಎಂದು ಒಂದು ಅಳತೆಗೋಲು ಮಾಡಿದ್ದರು: ಲಿಂಚ್‌ಗೆ ಸಂಬಂಧಿಸಿದ ಕ್ಯಾನ್ಸರ್ ಮೂವರಿಗೆ ಆಗಿರಬೇಕು, ಎರಡು ತಲೆಮಾರಿನಲ್ಲಿ ಇರಬೇಕು, ಒಬ್ಬರಿಗಾದರೂ 50ಕ್ಕೆ ಮುಂಚೆ ಬಂದಿರಬೇಕು. ಸಂಶೋಧನೆಗೆ ಮನೆತನಗಳನ್ನು ಆರಿಸಲು ಮಾಡಿದ್ದ ನಿಯಮ ಅದು. ಯಾರಿಗೆ ಟೆಸ್ಟ್ ಬೇಡ ಎಂದು ತೀರ್ಮಾನಿಸಲು ಅದನ್ನು ಬಳಸಿದ್ದು ದೊಡ್ಡ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಒಬ್ಬನೇ ಮಗ ಇರುವ ಮನೆಯಲ್ಲಿ ಮೂವರನ್ನು ಎಲ್ಲಿಂದ ತರುವುದು? ದತ್ತು ಹೋದವರಿಗೆ ಯಾವ ಕಥೆ ಗೊತ್ತಿರುತ್ತದೆ? ಬೇರೆ ಕಾರಣಕ್ಕೆ ಮುಂಚೆಯೇ ಗರ್ಭಕೋಶ ತೆಗೆಸಿಕೊಂಡವರಲ್ಲಿ ಆ ಸುಳಿವೇ ಕಾಣುವುದಿಲ್ಲ. ಎಂಎಸ್‌ಎಚ್‌6, ಪಿಎಂಎಸ್‌2 ದೋಷ ಇರುವ ಮನೆಗಳಲ್ಲಿ ಅಪಾಯ ಕಮ್ಮಿ, ಕಾಯಿಲೆ ತಡವಾಗಿ ಬರುತ್ತದೆ, ವಂಶವೃಕ್ಷ ನೋಡಿದರೆ ಏನೂ ಅನಿಸುವುದಿಲ್ಲ. ಅಮೆರಿಕದ ಓಹಾಯೋದಲ್ಲಿ 50 ವರ್ಷದೊಳಗೆ ಕರುಳಿನ ಕ್ಯಾನ್ಸರ್ ಬಂದ 450 ಜನರನ್ನು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರಕ್ಕೆ 16 ಜನರಲ್ಲಿ ಕ್ಯಾನ್ಸರಿಗೆ ಸಂಬಂಧಿಸಿದ ಜೀನ್ ದೋಷ ಇತ್ತು. ಅವರಲ್ಲಿ ಮೂರನೇ ಒಂದು ಭಾಗದ ಜನ, ಆಗ ಇದ್ದ ನಿಯಮಗಳ ಪ್ರಕಾರ ಆ ಜೀನಿನ ಟೆಸ್ಟಿಗೆ ಅರ್ಹರೇ ಆಗಿರಲಿಲ್ಲ.

ಆದ್ದರಿಂದ ಅನುಮಾನ ಬಂದವರಿಗೆ ಮಾತ್ರ ಟೆಸ್ಟ್ ಎಂಬ ಪದ್ಧತಿ ನಿಲ್ಲಲಿ. ಕರುಳಿನ ಕ್ಯಾನ್ಸರ್ ಎಂದು ಗೊತ್ತಾದ ಪ್ರತಿಯೊಬ್ಬರ ಗಡ್ಡೆಯಲ್ಲೂ ಆ ನಾಲ್ಕು ಪ್ರೋಟೀನುಗಳನ್ನು ನೋಡಿ. ವಯಸ್ಸು 35 ಇರಲಿ, 75 ಇರಲಿ. ಇದು ನನ್ನ ಹೊಸ ಯೋಚನೆಯೇನಲ್ಲ. ಅಮೆರಿಕದ ತಜ್ಞರ ಸಮಿತಿಯೊಂದು 2009ರಲ್ಲೇ ಹೀಗೆ ಶಿಫಾರಸು ಮಾಡಿತು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2017ರಲ್ಲಿ ಅದನ್ನೇ ಹೇಳಿತು. ಪೆಥಾಲಜಿ ಲ್ಯಾಬಿನಲ್ಲಿ ಬಣ್ಣ ಹಾಕಿ ನೋಡುವ ಇಮ್ಯುನೋಹಿಸ್ಟೊಕೆಮಿಸ್ಟ್ರಿ ಸಾಕು. ಆಪರೇಷನ್ ಆಗುವ ತನಕ ಕಾಯಬೇಕಾಗಿಯೂ ಇಲ್ಲ, ಕೊಲೊನೋಸ್ಕೋಪಿಯಲ್ಲಿ, ಅಂದರೆ ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವಾಗ, ತೆಗೆದ ಬಯಾಪ್ಸಿ ತುಣುಕಿನಲ್ಲೇ ಮಾಡಬಹುದು. ಗುದನಾಳದ ಕ್ಯಾನ್ಸರಿನಲ್ಲಂತೂ ಬಯಾಪ್ಸಿಯೇ ಒಳ್ಳೆಯದು. ರೇಡಿಯೇಷನ್, ಕೀಮೋ ಆದ ಮೇಲೆ ಪರೀಕ್ಷಿಸಲು ಗಡ್ಡೆಯೇ ಉಳಿಯದಿರಬಹುದು, ಉಳಿದರೂ ಎಂಎಸ್‌ಎಚ್‌6 ಬಣ್ಣ ಮಾಸಿ ದಾರಿ ತಪ್ಪಿಸುತ್ತದೆ.

ಈಗ ಆ ರಿಪೋರ್ಟನ್ನೇ ಒಂದು ಸಲ ಹತ್ತಿರದಿಂದ ನೋಡೋಣ. ಮೊದಲ ಪುಟದಲ್ಲಿ ಗಡ್ಡೆಯ ಅಳತೆ, ಎಷ್ಟು ಆಳಕ್ಕೆ ಇಳಿದಿದೆ, ಎಷ್ಟು ಲಿಂಫ್ ಗ್ರಂಥಿಗಳಿಗೆ ಹರಡಿದೆ, ಅಂಚು ಶುದ್ಧವಾಗಿದೆಯಾ ಎಂಬ ವಿವರ. ಸರ್ಜನ್ ಓದುವುದು ಅಲ್ಲಿಗೆ ಮುಗಿಯುತ್ತದೆ. ಎರಡನೇ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ: ‘ಎಂಎಲ್‌ಎಚ್‌1 ಪಾಸಿಟಿವ್, ಪಿಎಂಎಸ್‌2 ಪಾಸಿಟಿವ್, ಎಂಎಸ್‌ಎಚ್‌2 ನೆಗೆಟಿವ್, ಎಂಎಸ್‌ಎಚ್‌6 ನೆಗೆಟಿವ್.’ ಅಷ್ಟೇ. ಮುಂದೆ ಏನು ಮಾಡಬೇಕೆಂದು ಒಂದು ಮಾತೂ ಇಲ್ಲ. ನೆಗೆಟಿವ್ ಎಂದರೆ ತೊಂದರೆ ಇಲ್ಲ ಎಂದುಕೊಂಡು ರೋಗಿಗೆ ಸಮಾಧಾನ ಹೇಳಿ ಕಳಿಸಿದ ಫೈಲುಗಳು ನನ್ನ ಹತ್ತಿರ ಬಂದಿವೆ. ಇಲ್ಲಿ ನೆಗೆಟಿವ್ ಎಂದರೆ ಇರಬೇಕಾದ ಪ್ರೋಟೀನ್ ಇಲ್ಲ. ಎಂಎಸ್‌ಎಚ್‌2 ಮತ್ತು ಎಂಎಸ್‌ಎಚ್‌6 ಜೋಡಿಯಾಗಿ ಕೆಲಸ ಮಾಡುವಂಥವು, ಮೊದಲನೆಯದು ಹೋದರೆ ಎರಡನೆಯದೂ ನಿಲ್ಲುವುದಿಲ್ಲ. ಈ ಜೋಡಿ ಮಾಯವಾಗಿದ್ದರೆ ಲಿಂಚ್ ಸಾಧ್ಯತೆ ಬಲವಾಗಿದೆ, ನೇರವಾಗಿ ಜೀನ್ ಟೆಸ್ಟಿಗೆ ಕಳಿಸಬೇಕು.

ಎಂಎಲ್‌ಎಚ್‌1 ಮತ್ತು ಪಿಎಂಎಸ್‌2 ಜೋಡಿ ಕಾಣದಿದ್ದರೆ ಮಾತ್ರ ನಡುವೆ ಒಂದು ಮೆಟ್ಟಿಲಿದೆ. ವಯಸ್ಸಾದವರ ಗಡ್ಡೆಗಳಲ್ಲಿ ಎಂಎಲ್‌ಎಚ್‌1 ಜೀನ್ ಮೆಥಿಲೇಷನ್ ಎಂಬ ರಾಸಾಯನಿಕ ಬದಲಾವಣೆಯಿಂದ ಮುಚ್ಚಿಹೋಗುವುದು ಮಾಮೂಲು, ಅದು ಸಾಮಾನ್ಯವಾಗಿ ವಂಶದಿಂದ ಬಂದದ್ದಲ್ಲ. ಗಡ್ಡೆಯಲ್ಲಿ ಬಿಆರ್‌ಎಎಫ್ ಎಂಬ ಜೀನಿನ ಟೆಸ್ಟ್ ಅಥವಾ ಮೆಥಿಲೇಷನ್ ಟೆಸ್ಟ್ ಮಾಡಿದರೆ ಇದು ಬಹುಮಟ್ಟಿಗೆ ಬೇರ್ಪಡುತ್ತದೆ. ಈ ಎರಡನೇ ಟೆಸ್ಟನ್ನು ಇನ್ನೊಬ್ಬರು ಬರೆದುಕೊಡಲಿ ಎಂದು ಕಾಯುವುದರಲ್ಲೇ ಎಷ್ಟೋ ಕೇಸುಗಳು ನಿಂತುಹೋಗುತ್ತವೆ. ಪೆಥಾಲಜಿಸ್ಟ್‌ಗಳೇ, ದಯವಿಟ್ಟು ಇದನ್ನು ಲ್ಯಾಬಿನಲ್ಲಿ ತಾನಾಗಿಯೇ ಆಗುವ ಹಾಗೆ ಮಾಡಿ. ಎಂಎಲ್‌ಎಚ್‌1 ಹೋಗಿದ್ದರೆ ಯಾರ ಚೀಟಿಗೂ ಕಾಯದೆ ಮುಂದಿನ ಟೆಸ್ಟ್ ಆಗಲಿ. ರಿಪೋರ್ಟಿನ ಕೊನೆಯಲ್ಲಿ ಪಾಸಿಟಿವ್ ನೆಗೆಟಿವ್ ಬಿಟ್ಟು, ಎಲ್ಲರಿಗೂ ಅರ್ಥವಾಗುವ ಒಂದು ವಾಕ್ಯ ಬರೆಯಿರಿ: ‘ಈ ಫಲಿತಾಂಶ ಲಿಂಚ್ ಸಿಂಡ್ರೋಮ್ ಇರಬಹುದೆಂದು ಸೂಚಿಸುತ್ತದೆ, ಜೆನೆಟಿಕ್ ಕೌನ್ಸೆಲಿಂಗ್‌ಗೆ ಕಳಿಸಿ.’ ಅದನ್ನು ಮೊದಲ ಪುಟದಲ್ಲಿ ಬರೆದರೆ ಇನ್ನೂ ಒಳ್ಳೆಯದು.

ಆಂಕಾಲಜಿಸ್ಟ್‌ಗಳ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಮುನಿಸು. ಇದೇ ಟೆಸ್ಟನ್ನು ನೀವು ಈಗ ಔಷಧಿಗಾಗಿ ಮಾಡಿಸುತ್ತೀರಿ. ರಿಪೇರಿ ಪ್ರೋಟೀನ್ ಇಲ್ಲದ ಗಡ್ಡೆಗಳಿಗೆ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಗಡ್ಡೆಯ ವಿರುದ್ಧ ಹೋರಾಡುವಂತೆ ಮಾಡುವ ಔಷಧಿ, ಚೆನ್ನಾಗಿ ಹಿಡಿಯುತ್ತದೆ. ಅಂಥ ಒಂದು ಔಷಧಿ ಪೆಂಬ್ರೊಲಿಜುಮ್ಯಾಬ್‌ಗೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಾಗ ಗಡ್ಡೆ ಯಾವ ಅಂಗದ್ದು ಎಂಬುದನ್ನೂ ಕೇಳಲಿಲ್ಲ, ಈ ಗುಣ ಇದ್ದರೆ ಸಾಕು ಎಂದರು. ಒಳ್ಳೆಯದೇ. ಆದರೆ ‘ಈ ರೋಗಿಗೆ ಈ ಔಷಧಿ ಕೆಲಸ ಮಾಡುತ್ತದಾ?’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ತಕ್ಷಣ ರಿಪೋರ್ಟ್ ಮಡಚಿಟ್ಟರೆ ಹೇಗೆ? ಅದೇ ಕಾಗದ ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತದೆ: ಹೊರಗೆ ಬೆಂಚಿನ ಮೇಲೆ ಕಾಯುತ್ತಿರುವ ಈ ರೋಗಿಯ ತಂಗಿಗೂ ಇದೇ ದೋಷ ಇದೆಯಾ? ಟೆಸ್ಟ್ ಆಗಿದೆ, ಬೆಲೆ ತೆತ್ತಾಗಿದೆ, ಅರ್ಧ ಉತ್ತರ ಮಾತ್ರ ಬಳಸಿ ಉಳಿದರ್ಧ ಬಿಸಾಡುತ್ತಿದ್ದೇವೆ.

ಸ್ತ್ರೀರೋಗ ತಜ್ಞರು ಇದು ಕರುಳಿನ ವಿಷಯ ಎಂದು ಪಕ್ಕಕ್ಕಿಡಬೇಡಿ. ಲಿಂಚ್ ಇರುವ ಹೆಂಗಸರಲ್ಲಿ ಕರುಳು, ಗರ್ಭಕೋಶ ಎರಡೂ ಕಡೆ ಕ್ಯಾನ್ಸರ್ ಬಂದವರನ್ನು ನೋಡಿದರೆ, ಸುಮಾರು ಅರ್ಧದಷ್ಟು ಮಂದಿಗೆ ಮೊದಲು ಬಂದದ್ದು ಗರ್ಭಕೋಶ ಅಥವಾ ಅಂಡಾಶಯದಲ್ಲಿ. ಅಂದರೆ ಕರುಳಿನ ಕ್ಯಾನ್ಸರ್ ಬರುವ ಮುಂಚೆಯೇ ಹಿಡಿಯುವ ಅವಕಾಶ ನಿಮ್ಮ ಕೈಯಲ್ಲಿತ್ತು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಆದ ಎಲ್ಲರಿಗೂ ಇದೇ ನಾಲ್ಕು ಪ್ರೋಟೀನಿನ ಟೆಸ್ಟ್ ಮಾಡಿ ಎಂದು ನೈಸ್ 2020ರಲ್ಲಿ ಹೇಳಿದೆ.

ಎಂಡೋಸ್ಕೋಪಿ ಮಾಡುವವರಿಗೆ ಒಂದು ಚಿಕ್ಕ ಕೋರಿಕೆ. ‘ಹಲವು ಪಾಲಿಪ್‌ಗಳು ಕಂಡವು’ ಎಂದು ಬರೆಯಬೇಡಿ (ಪಾಲಿಪ್ ಎಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಸಣ್ಣ ಗಂಟು). ಎಣಿಸಿ ಬರೆಯಿರಿ, ಹಿಂದಿನ ಸಲದ್ದನ್ನೂ ಕೂಡಿಸಿ. ಎಪಿಸಿ ಜೀನ್ ದೋಷದಿಂದ ಬರುವ ಎಫ್‌ಎಪಿ ಎಂಬ ಕಾಯಿಲೆಯಲ್ಲಿ ನೂರಾರು, ಸಾವಿರಾರು ಪಾಲಿಪ್ ಇರುತ್ತವೆ, ಅದು ಯಾರ ಕಣ್ಣನ್ನೂ ತಪ್ಪಿಸುವುದಿಲ್ಲ. ಸಮಸ್ಯೆ ಇರುವುದು ಹತ್ತು, ಇಪ್ಪತ್ತು, ಮೂವತ್ತು ಅಡಿನೋಮಾ, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಪಾಲಿಪ್, ಇರುವವರಲ್ಲಿ. ಅದು ಎಂಯುಟಿವೈಎಚ್ ಜೀನಿನದ್ದಾಗಿದ್ದರೆ ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಿರಬೇಕು, ಅವರಿಬ್ಬರೂ ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಮನೆತನದ ಕಥೆ ಇಲ್ಲಿ ಸುಮ್ನೆ ಖಾಲಿ. ಈ ಎರಡು ಕಾಯಿಲೆಗಳಲ್ಲಿ ರಿಪೇರಿ ಪ್ರೋಟೀನ್ ಸಾಮಾನ್ಯವಾಗಿ ಸರಿಯಾಗಿಯೇ ಇರುವುದರಿಂದ ಗಡ್ಡೆಯ ಟೆಸ್ಟೂ ಸುಳಿವು ಕೊಡುವುದಿಲ್ಲ. ಎಣಿಕೆಯೊಂದೇ ಸುಳಿವು.

ಫ್ಯಾಮಿಲಿ ಡಾಕ್ಟರ್‌ಗಳಿಗೆ: ಇಪ್ಪತ್ತೆಂಟರ ಹುಡುಗ ಮಲದಲ್ಲಿ ರಕ್ತ ಎಂದು ಬಂದರೆ ಹೆಚ್ಚಿನ ಸಲ ಅದು ಪೈಲ್ಸೇ. ಆದರೆ ಪರೀಕ್ಷಿಸದೆ ಪೈಲ್ಸ್ ಎಂದು ಬರೆಯಬೇಡಿ. ಮನೆಯವರ ಬಗ್ಗೆ ಮೇಲೆ ಹೇಳಿದಂತೆ ಎರಡು ಪ್ರಶ್ನೆ ಕೇಳಿ. ಮುಲಾಮು ಕೊಟ್ಟು ಕಳಿಸಿದವರು ಮತ್ತೆ ಬಂದರೆ, ಮೈಯಲ್ಲಿ ರಕ್ತ ಕಮ್ಮಿ ಇದ್ದರೆ, ಮುಂದಕ್ಕೆ ಕಳಿಸಿ.

‘ಗೊತ್ತಾಗಿ ಏನು ಮಾಡುವುದು, ಸುಮ್ನೆ ಹೆದರಿಸಿದ ಹಾಗೆ’ ಎಂದು ವೈದ್ಯರೇ ಹೇಳುವುದನ್ನು ಕೇಳಿದ್ದೇನೆ. ಸಿಟ್ಟು ಬರುತ್ತದೆ. ಗೊತ್ತಾದರೆ ಮಾಡಲು ಬೇಕಾದಷ್ಟಿದೆ. ಫಿನ್‌ಲ್ಯಾಂಡಿನಲ್ಲಿ ಲಿಂಚ್ ಇರುವ 22 ಮನೆತನಗಳ 252 ಜನರನ್ನು 15 ವರ್ಷ ಗಮನಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡಿಸಿಕೊಂಡವರಲ್ಲಿ ಕರುಳಿನ ಕ್ಯಾನ್ಸರ್ ಶೇಕಡಾ 62ರಷ್ಟು ಕಮ್ಮಿಯಾಗಿತ್ತು. ಮಾಡಿಸಿಕೊಳ್ಳದವರಲ್ಲಿ ಒಂಬತ್ತು ಜನ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು, ಮಾಡಿಸಿಕೊಂಡವರಲ್ಲಿ ಒಬ್ಬರೂ ಇಲ್ಲ. ಈಗ ಎಂಎಲ್‌ಎಚ್‌1, ಎಂಎಸ್‌ಎಚ್‌2 ದೋಷ ಇರುವವರಿಗೆ 20ರಿಂದ 25 ವರ್ಷದೊಳಗೆ ಶುರು ಮಾಡಿ ಒಂದೆರಡು ವರ್ಷಕ್ಕೊಮ್ಮೆ ಮಾಡುತ್ತಾರೆ. ಇನ್ನು ಆಸ್ಪಿರಿನ್. ಕ್ಯಾಪ್2 ಎಂಬ ಅಧ್ಯಯನದಲ್ಲಿ ಲಿಂಚ್ ಇರುವ 861 ಜನರಲ್ಲಿ ಕೆಲವರಿಗೆ ಆಸ್ಪಿರಿನ್, ಕೆಲವರಿಗೆ ಖಾಲಿ ಮಾತ್ರೆ ಕೊಟ್ಟರು. 2020ರಲ್ಲಿ ಬಂದ ದೀರ್ಘಕಾಲದ ಫಲಿತಾಂಶದಲ್ಲಿ ಆಸ್ಪಿರಿನ್ ಗುಂಪಿನ ನೂರರಲ್ಲಿ 9 ಜನರಿಗೆ ಕರುಳಿನ ಕ್ಯಾನ್ಸರ್ ಬಂದಿತ್ತು, ಇನ್ನೊಂದು ಗುಂಪಿನಲ್ಲಿ 13 ಜನರಿಗೆ. ಹೆಂಗಸರು ಮಕ್ಕಳಾದ ಮೇಲೆ ಗರ್ಭಕೋಶ ತೆಗೆಸಿಕೊಳ್ಳುವ ಬಗ್ಗೆ ಯೋಚಿಸಬಹುದು. ಇನ್ನೂ ಒಂದು ವಿಷಯ ನೀವು ಲೆಕ್ಕಕ್ಕೇ ಇಡುವುದಿಲ್ಲ: ಮನೆಯಲ್ಲಿರುವ ದೋಷ ತನಗೆ ಬಂದಿಲ್ಲ ಎಂದು ಗೊತ್ತಾದ ಮಗಳು ಪದೇ ಪದೇ ಕೊಲೊನೋಸ್ಕೋಪಿಗೆ ಬರಬೇಕಾಗಿಲ್ಲ. ಅವಳ ಮಕ್ಕಳಿಗೂ ಆ ಭಯ ಬೇಡ.

ಎಚ್ಚರಿಕೆಯ ಮಾತೂ ಇದೆ. ಜೀನ್ ರಿಪೋರ್ಟಿನಲ್ಲಿ ‘ಅರ್ಥ ಖಚಿತವಾಗದ ಬದಲಾವಣೆ’ ಎಂದು ಬಂದರೆ ಅದನ್ನು ದೋಷ ಎಂದು ಹಿಡಿದು ಅಂಗಾಂಗ ತೆಗೆಯಲು ಹೊರಡಬೇಡಿ. ಮನೆಯ ಉಳಿದವರಿಗೆ ಆ ಟೆಸ್ಟ್ ಮಾಡಿಸಲೂ ಬೇಡಿ. ಗಡ್ಡೆಯ ಟೆಸ್ಟ್ ಸರಿಯಾಗಿದೆ ಎಂದು ಬಂದರೂ ಮನೆತನದ ಕಥೆ ಜೋರಾಗಿದ್ದರೆ ಕಳಿಸಿ.

ಒಟ್ಟಾರೆ ನಾನು ನೋಡುವ ಮಟ್ಟಿಗೆ ಕೊರತೆ ಇರುವುದು ಜ್ಞಾನದಲ್ಲಿ ಅಲ್ಲ. ಸರ್ಜನ್ ಆಂಕಾಲಜಿಸ್ಟ್ ಹೇಳುತ್ತಾರೆ ಅಂದುಕೊಳ್ಳುತ್ತಾರೆ, ಆಂಕಾಲಜಿಸ್ಟ್ ಸರ್ಜನ್ ಹೇಳಿರುತ್ತಾರೆ ಅಂದುಕೊಳ್ಳುತ್ತಾರೆ, ಪೆಥಾಲಜಿಸ್ಟ್ ರೋಗಿಯನ್ನು ನೋಡುವುದೇ ಇಲ್ಲ. ರೋಗಿ ಕೀಮೋ ಮುಗಿಸಿ ಮನೆಗೆ ಹೋಗಿರುತ್ತಾನೆ. ಹಾಗಾಗಿ ಪ್ರತಿ ಆಸ್ಪತ್ರೆಯಲ್ಲೂ ಒಬ್ಬರ ಹೆಸರು ಬರೆದಿಡಿ. ನರ್ಸ್ ಆದರೂ ಸರಿ. ಪ್ರತಿ ವಾರ ಆ ನಾಲ್ಕು ಪ್ರೋಟೀನಿನ ಫಲಿತಾಂಶಗಳನ್ನು ನೋಡುವುದು, ಮುಂದಿನ ಟೆಸ್ಟ್ ಆಯಿತಾ ಎಂದು ಕೇಳುವುದು, ರೋಗಿಗೆ ಫೋನ್ ಮಾಡುವುದು ಅವರ ಕೆಲಸ. ದೋಷ ಖಚಿತವಾದರೆ ಒಡಹುಟ್ಟಿದವರಿಗೆ, ಮಕ್ಕಳಿಗೆ ಕೊಡಲು ಒಂದು ಪತ್ರ ರೋಗಿಯ ಕೈಗೆ ಕೊಡಿ, ಜೀನಿನ ಹೆಸರು, ದೋಷದ ನಿಖರ ವಿವರ ಅದರಲ್ಲಿರಲಿ. ಮಾತು ಬಿಟ್ಟ ಅಣ್ಣನಿಗೆ ಫೋನ್ ಮಾಡಿ ಇದನ್ನೆಲ್ಲ ವಿವರಿಸು ಎಂದರೆ ಯಾರಿಂದ ಆಗುತ್ತದೆ? ಪತ್ರವಾದರೆ ಅಂಚೆಯಲ್ಲಿ ಹೋಗುತ್ತದೆ.

ಈ ಕೆಲಸಕ್ಕೆ ಹೊಸ ರೋಗಿ ಬರುವ ತನಕ ಕಾಯಬೇಕಾಗಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ನಿಮ್ಮಲ್ಲಿ ಆಪರೇಷನ್ ಆದವರ ಗಡ್ಡೆಯ ತುಣುಕುಗಳನ್ನು ಕಾಪಿಟ್ಟ ಮೇಣದ ಬ್ಲಾಕುಗಳು ಪೆಥಾಲಜಿ ವಿಭಾಗದಲ್ಲೇ ಇರುತ್ತವೆ. ಮೊದಲು, ಟೆಸ್ಟ್ ಆಗಿ ‘ನೆಗೆಟಿವ್’ ಎಂದು ಬಂದು ಅಲ್ಲಿಗೇ ನಿಂತ ರಿಪೋರ್ಟುಗಳನ್ನು ಹೊರಗೆ ತೆಗೆಯಿರಿ. ಆಮೇಲೆ 50ರೊಳಗಿನವರ ಬ್ಲಾಕುಗಳು. ರೋಗಿ ಬದುಕಿಲ್ಲದಿದ್ದರೂ ಫೈಲಿನಲ್ಲಿ ಮನೆಯವರ ಫೋನ್ ನಂಬರ್ ಇರುತ್ತದೆ. ಯಾರನ್ನು ಹೇಗೆ ಸಂಪರ್ಕಿಸಬೇಕು, ಯಾರ ಒಪ್ಪಿಗೆ ಬೇಕು ಎಂಬುದನ್ನು ನಿಮ್ಮ ನೈತಿಕ ಸಮಿತಿಯ ಜೊತೆ ಕೂತು ತೀರ್ಮಾನಿಸಿ, ಪಟ್ಟಿ ನನ್ನಂಥವರಿಗೆ ಕಳಿಸಿ. ವಂಶವೃಕ್ಷ ಬರೆಯುವ ಕೆಲಸ ನಾವು ಮಾಡುತ್ತೇವೆ.

ಇಂತಿ,
ಒಬ್ಬ ಜೆನೆಟಿಕ್ ಕೌನ್ಸೆಲರ್